ಒಂಟಿ ಮೈಕಿನಿಂದ ಜೋಡಿ ವೇದಿಕೆಗೆ: ಸ್ಟೀವ್ ಮಾರ್ಟಿನ್ ಸಾಕ್ಷ್ಯಚಿತ್ರದ ವಿಮರ್ಶೆ

ಹಾಸ್ಯಗಾರರನ್ನು ಕುರಿತ ಸಾಕ್ಷ್ಯಚಿತ್ರಗಳು ಈಚಿನ ವರ್ಷಗಳಲ್ಲಿ ಓಟಿಟಿ ವೇದಿಕೆಗಳಲ್ಲಿ ಸಾಲುಗಟ್ಟಿ ಬರುತ್ತಿವೆ. ಅವುಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: ಕಷ್ಟದ ಬಾಲ್ಯ, ದಿಢೀರ್ ಖ್ಯಾತಿ, ಒಂದು ಸೋಲು, ಕೊನೆಗೆ ಸನ್ಮಾನ, ನಡುನಡುವೆ ಗೆಳೆಯರ ಹೊಗಳಿಕೆ. ಅಮೆರಿಕದ ಹಾಸ್ಯನಟ ಸ್ಟೀವ್ ಮಾರ್ಟಿನ್ ಅವರ ಬದುಕು ಮತ್ತು ವೃತ್ತಿಯನ್ನು ಕುರಿತು ಮಾರ್ಗನ್ ನೆವಿಲ್ ನಿರ್ದೇಶಿಸಿ, 2024ರ ಮಾರ್ಚ್ 29ರಂದು ಆಪಲ್ ಟಿವಿ ಪ್ಲಸ್‌ನಲ್ಲಿ ಬಿಡುಗಡೆಯಾದ ಎರಡು ಭಾಗಗಳ ಸಾಕ್ಷ್ಯಚಿತ್ರ ಈ ಅಚ್ಚನ್ನು ಅರ್ಧದಷ್ಟು ಮಾತ್ರ ಮುರಿಯುತ್ತದೆ. ಸರಿಯಾಗಿ ಹೇಳಬೇಕೆಂದರೆ, ಮೊದಲ ಭಾಗ ಅದನ್ನು ಧೈರ್ಯವಾಗಿ ಮುರಿಯುತ್ತದೆ, ಎರಡನೆಯದು ಮತ್ತೆ ಅದರೊಳಗೇ ಹೋಗಿ ಕೂರುತ್ತದೆ.

ಮಾರ್ಟಿನ್ ಹೆಸರು ಕೇಳಿದೊಡನೆ ನಮ್ಮಲ್ಲಿ ಇಂಗ್ಲಿಷ್ ಚಿತ್ರ ನೋಡುವ ಹಲವರಿಗೆ ನೆನಪಾಗುವುದು ಮಗಳ ಮದುವೆಯ ಖರ್ಚು ಕಂಡು ಹೌಹಾರುವ ನರೆಗೂದಲಿನ ತಂದೆಯ ಪಾತ್ರ. ಈಚಿನ ಪೀಳಿಗೆಗೆ 2021ರಲ್ಲಿ ಆರಂಭವಾದ ‘ಓನ್ಲಿ ಮರ್ಡರ್ಸ್ ಇನ್ ದ ಬಿಲ್ಡಿಂಗ್’ ಸರಣಿಯ, ಹಳೆಯ ಯಶಸ್ಸಿನ ನೆನಪಿನಲ್ಲೇ ಬದುಕುವ ಟಿವಿ ನಟ. 1945ರಲ್ಲಿ ಟೆಕ್ಸಾಸ್‌ನ ವೇಕೋದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಇವರು ಜಾದೂ ಸಾಮಾನಿನ ಅಂಗಡಿಯಲ್ಲಿ ದುಡಿದರು, ಟಿವಿ ಕಾರ್ಯಕ್ರಮಗಳಿಗೆ ಬರೆದರು, 1970ರ ದಶಕದ ಕೊನೆಯಲ್ಲಿ ಕ್ರೀಡಾಂಗಣ ತುಂಬಿಸುವ ಸ್ಟ್ಯಾಂಡ್‌ಅಪ್ ಕಲಾವಿದರಾದರು, ಅದನ್ನು ಶಿಖರದಲ್ಲಿರುವಾಗಲೇ ಬಿಟ್ಟು ಚಿತ್ರನಟರಾದರು, ಚಿತ್ರಕಥೆ, ನಾಟಕ, ಕಾದಂಬರಿ ಬರೆದರು, ಬ್ಯಾಂಜೋ ಎಂಬ ತಂತಿವಾದ್ಯ ನುಡಿಸಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಇಷ್ಟೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವುದು ಹೇಗೆ ಎಂಬುದು ನಿರ್ದೇಶಕರ ಮುಂದಿದ್ದ ಪ್ರಶ್ನೆ. ನೆವಿಲ್ ಪೋಣಿಸುವ ಗೋಜಿಗೆ ಹೋಗದೆ, ಸ್ಟ್ಯಾಂಡ್‌ಅಪ್ ಬಿಟ್ಟ ಕ್ಷಣದಲ್ಲಿ ಬದುಕನ್ನು ಕತ್ತರಿಸಿ, ಒಂದಕ್ಕೊಂದು ಹೋಲಿಕೆಯೇ ಇಲ್ಲದ ಎರಡು ಚಿತ್ರಗಳನ್ನು ಮಾಡಿದ್ದಾರೆ. ಎರಡನ್ನೂ ನೋಡಿದ ಮೇಲೆ ನನಗೆ ಕಂಡ ದಾರ ಮಾತ್ರ ಸ್ಪಷ್ಟವಾಗಿಯೇ ಇದೆ: ವೇದಿಕೆಯ ಮೇಲೆ ಒಬ್ಬರೇ ನಿಂತು ಗೆದ್ದ ವ್ಯಕ್ತಿ ಆ ಒಂಟಿತನವನ್ನು ತಾಳಲಾರದೆ, ಮುಂದಿನ ನಾಲ್ಕು ದಶಕಗಳಲ್ಲಿ ಒಂದಾದ ಮೇಲೊಂದರಂತೆ, ಜೊತೆಗೊಬ್ಬರು ಇರಲೇಬೇಕಾದ ಕಲೆಗಳ ಕಡೆಗೆ ಸರಿಯುತ್ತ ಹೋದರು. ಸಾಕ್ಷ್ಯಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅದರ ಪ್ರತಿ ಒಳ್ಳೆಯ ದೃಶ್ಯದಲ್ಲೂ ಇದೇ ಇದೆ.

ಮೊದಲ ಭಾಗದ ಕಟ್ಟುವಿಕೆಯನ್ನು ಮೆಚ್ಚಲೇಬೇಕು. ಕ್ಯಾಮೆರಾದ ಮುಂದೆ ಕುಳಿತು ನೆನಪು ಹೇಳುವವರು ಅಲ್ಲಿ ಯಾರೂ ಇಲ್ಲ; ಮಾತೆಲ್ಲ ಧ್ವನಿಯಾಗಿ ಮಾತ್ರ ಬರುತ್ತದೆ, ತೆರೆಯ ಮೇಲೆ ಇರುವುದು ಆ ಕಾಲದ ಛಾಯಾಚಿತ್ರಗಳು, ಟಿವಿ ತುಣುಕುಗಳು, ವೇದಿಕೆಯ ದೃಶ್ಯಗಳು. ಇದರಿಂದ ಆಗುವ ಲಾಭ ಸಣ್ಣದಲ್ಲ. ಇಂದಿನ ಎಂಬತ್ತರ ಆಸುಪಾಸಿನ, ಗೆದ್ದು ನಿರುಮ್ಮಳವಾಗಿರುವ ಮಾರ್ಟಿನ್ ಮುಖ ನಡುನಡುವೆ ಇಣುಕಿದ್ದರೆ, ಅಂದಿನ ಇಪ್ಪತ್ತೈದರ ಹುಡುಗ ಖಾಲಿ ಸಭಾಂಗಣದಲ್ಲಿ ಬೆವರುವುದನ್ನು ನಾವು ನಿಶ್ಚಿಂತೆಯಿಂದ ನೋಡುತ್ತಿದ್ದೆವು. ಆ ಮುಖ ಕಾಣದಿರುವುದರಿಂದ, ಈತ ಗೆಲ್ಲುತ್ತಾನೋ ಇಲ್ಲವೋ ಎಂಬ ಅಳುಕು, ಮುಂದಿನದು ಗೊತ್ತಿದ್ದರೂ, ನಮ್ಮೊಳಗೆ ಉಳಿಯುತ್ತದೆ.

ಕಥೆ ಆರಂಭವಾಗುವುದು ಡಿಸ್ನಿಲ್ಯಾಂಡಿನಲ್ಲಿ. 1955ರಲ್ಲಿ ಆ ಉದ್ಯಾನ ಬಾಗಿಲು ತೆರೆದಾಗ ಹತ್ತು ವರ್ಷದ ಹುಡುಗ ಅಲ್ಲಿ ಮಾರ್ಗದರ್ಶಿ ಪುಸ್ತಿಕೆ ಮಾರುವ ಕೆಲಸಕ್ಕೆ ಸೇರುತ್ತಾನೆ, ಮುಂದೆ ಅಲ್ಲಿಯ ಮರ್ಲಿನ್ಸ್ ಮ್ಯಾಜಿಕ್ ಶಾಪ್‌ನಲ್ಲಿ ಜಾದೂ ಸಾಮಾನುಗಳನ್ನು ಗಿರಾಕಿಗಳಿಗೆ ಮಾಡಿ ತೋರಿಸುತ್ತ ನಿಲ್ಲುತ್ತಾನೆ. ದಿನವಿಡೀ ಒಂದೇ ಆಟವನ್ನು, ಒಂದೇ ಮಾತನ್ನು, ಬೇರೆ ಬೇರೆ ಗಿರಾಕಿಗಳಿಗೆ ಹೇಳಿ ಹೇಳಿ ಯಾವ ಪದ ಎಲ್ಲಿ ಬಿದ್ದರೆ ಜನ ನಗುತ್ತಾರೆ ಎಂಬುದನ್ನು ಅಳೆಯುವ ಅಭ್ಯಾಸ ಇಲ್ಲಿಯದು. ತಲೆಯನ್ನು ಬಾಣವೊಂದು ತೂರಿ ಹೊರಬಂದಂತೆ ಕಾಣುವ, ಮುಂದೆ ಅವರ ಗುರುತೇ ಆಗಿಹೋದ ಆ ತಂತಿಯ ಟೋಪಿ ಕೂಡ ಜಾದೂ ಅಂಗಡಿಯ ಸರಕೇ. ಅದೇ ಉದ್ಯಾನದ ಗೋಲ್ಡನ್ ಹಾರ್ಸ್‌ಶೂ ರಂಗಮಂದಿರದಲ್ಲಿ ವಾಲಿ ಬೋಗ್ ಎಂಬ ಹಾಸ್ಯಗಾರರು ಬಲೂನಿನಲ್ಲಿ ಪ್ರಾಣಿಗಳನ್ನು ಮಾಡುತ್ತ ನಗಿಸುವುದನ್ನು ಹುಡುಗ ಬಿಡುವಾದಾಗಲೆಲ್ಲ ಹೋಗಿ ನೋಡುತ್ತಿದ್ದ. ಗುರು ಎಂದು ಯಾರಾದರೂ ಇದ್ದರೆ ಅವರೇ. ನಂತರ ನಾಟ್ಸ್ ಬೆರಿ ಫಾರ್ಮ್ ಉದ್ಯಾನದ ಬರ್ಡ್ ಕೇಜ್ ರಂಗಮಂದಿರದಲ್ಲಿ ದಿನಕ್ಕೆ ಹಲವು ಪ್ರದರ್ಶನಗಳ ಅಗ್ಗದ ಮೆಲೋಡ್ರಾಮಾ, ಅದರ ನಡುವೆ ಒಂದಿಷ್ಟು ಹೊತ್ತಿನ ಸ್ವಂತ ಆಟ. ಕಂಪನಿ ನಾಟಕಗಳ ಬಗ್ಗೆ ಓದಿದವರಿಗೆ, ವೇದಿಕೆಯ ಮೇಲೆಯೇ ಬೆಳೆದ ಈ ಬಗೆಯ ತರಬೇತಿ ಅಪರಿಚಿತವೆನಿಸದು.

ಆ ಮೇಲಿನದನ್ನು ಚಿತ್ರ ಸರಸರನೆ ದಾಟುತ್ತದೆ, ಅದು ಸರಿಯೂ ಹೌದು. ಲಾಂಗ್ ಬೀಚ್‌ನ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಓದು, ಅಲ್ಲಿಂದ ಯುಸಿಎಲ್‌ಎ ವಿಶ್ವವಿದ್ಯಾಲಯ, ಓದನ್ನು ಅರ್ಧಕ್ಕೆ ಬಿಟ್ಟು ‘ಸ್ಮದರ್ಸ್ ಬ್ರದರ್ಸ್ ಕಾಮಿಡಿ ಅವರ್’ ಎಂಬ ಟಿವಿ ಕಾರ್ಯಕ್ರಮಕ್ಕೆ ಬರೆಯುವ ಕೆಲಸ, 1969ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಆ ತಂಡದೊಂದಿಗೆ ಎಮ್ಮಿ ಪ್ರಶಸ್ತಿ. ಕೈತುಂಬ ಸಂಬಳದ ಈ ಕೆಲಸವನ್ನು ನೆಚ್ಚಿಕೊಂಡು ಉಳಿಯದೆ ರಸ್ತೆಗಿಳಿದು, ಊರೂರು ಅಲೆದು, ಬೇರೆಯವರ ಸಂಗೀತ ಕಛೇರಿಗೆ ಮುಂಚೆ ಬಂದು ನಗಿಸಲು ಹೆಣಗುವ ಹಾಸ್ಯಗಾರನ ಬದುಕನ್ನು ಅವರು ಆರಿಸಿಕೊಂಡರು. ಹಾಡು ಕೇಳಲು ಬಂದ ಜನಕ್ಕೆ ಹಾಸ್ಯಗಾರ ಬೇಕಿರುವುದಿಲ್ಲ. ಅವರ ಗದ್ದಲದ ನಡುವೆ ಮಾತು ಮುಗಿಸಿ ಇಳಿಯುವ ಪಾಡನ್ನು ಮೊದಲ ಭಾಗ ಎಲ್ಲಿಯೂ ಕರುಣಾಜನಕವಾಗಿ ತೋರಿಸುವುದಿಲ್ಲ. ತುಣುಕುಗಳನ್ನು ಒಂದರ ಪಕ್ಕ ಒಂದಿಟ್ಟು, ಅದೇ ಆಟ ವರ್ಷದಿಂದ ವರ್ಷಕ್ಕೆ ಹೇಗೆ ಹರಿತವಾಯಿತು ಎಂಬುದನ್ನಷ್ಟೇ ತೋರಿಸುತ್ತದೆ.

ಇನ್ನು ಆ ಆಟ ಏನು ಎಂಬುದು. ಸಾಂಪ್ರದಾಯಿಕ ಹಾಸ್ಯದಲ್ಲಿ ಒಂದು ಪ್ರಸಂಗವನ್ನು ಕಟ್ಟಿ, ಕೇಳುಗರ ಕುತೂಹಲವನ್ನು ಬಿಗಿದು, ಕೊನೆಯ ಸಾಲಿನಲ್ಲಿ ಆ ಬಿಗಿತವನ್ನು ಬಿಡಿಸಲಾಗುತ್ತದೆ. ಬಿಡಿಸಿದಾಗ ನಗು ಬರುತ್ತದೆ. ತತ್ತ್ವಶಾಸ್ತ್ರ ಓದಿದ ಮಾರ್ಟಿನ್‌ಗೆ ಹೊಳೆದದ್ದು ಒಂದು ಪ್ರಶ್ನೆ: ಆ ಕೊನೆಯ ಸಾಲೇ ಇಲ್ಲದಿದ್ದರೆ? ಬಿಗಿದದ್ದನ್ನು ಬಿಡಿಸದೇ ಹೋದರೆ? ಎಲ್ಲಿ ನಗಬೇಕೆಂದು ಹಾಸ್ಯಗಾರ ಸೂಚಿಸದೇ ಇದ್ದರೆ ಜನ ತಮಗೆ ಬೇಕಾದಲ್ಲಿ ತಾವೇ ನಗಲು ಶುರುಮಾಡುತ್ತಾರೆ, ಆ ನಗು ಇನ್ನಷ್ಟು ಗಟ್ಟಿಯಾಗಿರುತ್ತದೆ ಎಂಬುದು ಅವರ ಲೆಕ್ಕ. ಹಾಗಾಗಿ ಅವರು ವೇದಿಕೆಗೆ ಬಂದು, ತಾನೊಬ್ಬ ಮಹಾನ್ ಕಲಾವಿದ ಎಂದು ನಂಬಿರುವ ಒಬ್ಬ ಮೂರ್ಖನ ಪಾತ್ರವನ್ನು ಆಡತೊಡಗಿದರು: ಮೈಕ್ ಸರಿಪಡಿಸುವುದರಲ್ಲೇ ಹೊತ್ತು ಕಳೆಯುವುದು, ಈಗ ನೋಡಿ ಎಂದು ಅಬ್ಬರಿಸಿ ಏನೂ ಮಾಡದಿರುವುದು, ಬ್ಯಾಂಜೋ ಎತ್ತಿಕೊಂಡು ನುಡಿಸಲಾರಂಭಿಸಿ ಅರ್ಧಕ್ಕೇ ನಿಲ್ಲಿಸಿ ಬೇರೇನೋ ಮಾತನಾಡುವುದು, ಕಾಲುಗಳು ತನ್ನ ಮಾತು ಕೇಳದೆ ಓಡುತ್ತಿವೆ ಎಂಬಂತೆ ಥಟ್ಟನೆ ಕುಣಿಯುವುದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಉಳಿದ ಹಾಸ್ಯಗಾರರೆಲ್ಲ ರಾಜಕೀಯ ಮಾತನಾಡುತ್ತಿದ್ದಾಗ, ಕೂದಲು ಕತ್ತರಿಸಿ, ಗಡ್ಡ ಬೋಳಿಸಿ, ಸೂಟು ತೊಟ್ಟು, ರಾಜಕೀಯದ ಸುಳಿವೇ ಇಲ್ಲದ ಶುದ್ಧ ಹುಚ್ಚಾಟಕ್ಕೆ ಇಳಿದದ್ದು ಅವರ ದೊಡ್ಡ ಪಂಥ.

ಗಂಗಾವತಿ ಪ್ರಾಣೇಶ್ ಅಥವಾ ಪ್ರೊ. ಕೃಷ್ಣೇಗೌಡರ ಹಾಸ್ಯಸಂಜೆಗಳಲ್ಲಿ ಕೂತು ಬೆಳೆದ ಕಿವಿಗೆ ಇದು ಮೊದಲಿಗೆ ಹಿಡಿಸದೇ ಹೋಗಬಹುದು ಎಂದು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಮ್ಮಲ್ಲಿ ಹಾಸ್ಯ ನಿಂತಿರುವುದು ಮಾತಿನ ಮೇಲೆ, ಪ್ರಸಂಗದ ಮೇಲೆ, ಊರಿನ ಜನರ ನಡೆನುಡಿಯ ಗುರುತಿನ ಮೇಲೆ. ಮಾರ್ಟಿನ್ ಆಟದಲ್ಲಿ ಇವಾವುದೂ ಇಲ್ಲ. ಮೊದಲ ಹತ್ತು ನಿಮಿಷ ಇದರಲ್ಲಿ ನಗುವಂಥದ್ದೇನಿದೆ ಎಂದೇ ಅನ್ನಿಸುತ್ತದೆ, ಆ ಮೇಲೆ ಯಾವುದೋ ಒಂದು ಅರ್ಥವಿಲ್ಲದ ಹೆಜ್ಜೆಗೆ ತಡೆಯಲಾರದೆ ನಗು ಬರುತ್ತದೆ, ಏಕೆ ಬಂತೆಂದು ಹೇಳಲು ಬರುವುದಿಲ್ಲ. ಮೊದಲ ಭಾಗದ ಸಂಕಲನ ಈ ತಡವಾದ ನಗುವಿಗೆ ಬೇಕಾದಷ್ಟು ಜಾಗ ಬಿಟ್ಟಿದೆ. ತುಣುಕುಗಳನ್ನು ಚೂರುಚೂರು ಮಾಡಿ ಎಸೆದಿಲ್ಲ.

ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪ್ರಸಂಗ ಇಲ್ಲಿ ನೆನಪಿಡತಕ್ಕದ್ದು. 2007ರಲ್ಲಿ ಪ್ರಕಟವಾದ ‘ಬಾರ್ನ್ ಸ್ಟ್ಯಾಂಡಿಂಗ್ ಅಪ್’ ಎಂಬ ಆತ್ಮಕಥನದಲ್ಲಿ ಮಾರ್ಟಿನ್ ಅದನ್ನು ವಿವರವಾಗಿ ಬರೆದಿದ್ದಾರೆ. ನ್ಯಾಶ್‌ವಿಲ್‌ನ ಆ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ನೂರರಷ್ಟು ವಿದ್ಯಾರ್ಥಿಗಳ ಮುಂದೆ ಪ್ರದರ್ಶನ ಮುಗಿಯಿತು, ಆದರೆ ಪಕ್ಕಕ್ಕೆ ಸರಿದು ಮರೆಯಾಗಲು ಅಲ್ಲಿ ನೇಪಥ್ಯವೇ ಇರಲಿಲ್ಲ. ಆಟ ಮುಗಿಯಿತೆಂದರೂ ಹುಡುಗರು ಅದೂ ಆಟದ ಭಾಗವೇ ಎಂದು ಕದಲದೆ ಕೂತರು. ಮಾರ್ಟಿನ್ ಸಾಮಾನು ಕಟ್ಟಿಕೊಂಡು ಮಾತನಾಡುತ್ತಲೇ ಹೊರನಡೆದರು, ಎಲ್ಲರೂ ಹಿಂದೆಯೇ ಹೊರಟರು. ಹೊರಗೆ ನೀರು ಬಸಿದಿದ್ದ ಈಜುಕೊಳವೊಂದು ಕಂಡಿತು. ಎಲ್ಲರೂ ಕೊಳಕ್ಕಿಳಿಯಿರಿ ಎಂದರು, ಎಲ್ಲರೂ ಇಳಿದರು, ಅವರ ಎತ್ತಿದ ಕೈಗಳ ಮೇಲೆ ಮಾರ್ಟಿನ್ ಈ ತುದಿಯಿಂದ ಆ ತುದಿಗೆ ಈಜಿದರು. ತಾನು ಇಷ್ಟು ವರ್ಷ ತಡಕಾಡುತ್ತಿದ್ದುದು ಇದನ್ನೇ ಎಂದು ಅವರಿಗೆ ಆ ರಾತ್ರಿ ಮನವರಿಕೆಯಾಯಿತು. ನನ್ನ ದೃಷ್ಟಿಯಲ್ಲಿ ಅವರ ಸ್ಟ್ಯಾಂಡ್‌ಅಪ್‌ನ ಅತ್ಯುತ್ತಮ ಗಳಿಗೆ ಇದು, ಮುಂದಿನ ಯಾವ ಕ್ರೀಡಾಂಗಣದ ಪ್ರದರ್ಶನವೂ ಅಲ್ಲ. ಏಕೆಂದರೆ ಇಲ್ಲಿ ಹಾಸ್ಯಗಾರನಿಗೂ ಜನಕ್ಕೂ ನಡುವೆ ಅಂತರವೇ ಉಳಿದಿರಲಿಲ್ಲ. ಖ್ಯಾತಿ ಬಂದೊಡನೆ ಮೊದಲು ಕಳೆದುಹೋದದ್ದೂ ಅದೇ.

ಆ ಖ್ಯಾತಿ ಬಂದದ್ದು ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಟಿವಿ ಹಾಸ್ಯ ಕಾರ್ಯಕ್ರಮದ ಮೂಲಕ. 1976ರ ಅಕ್ಟೋಬರ್‌ನಲ್ಲಿ ಮೊದಲ ಸಲ ಅದನ್ನು ನಡೆಸಿಕೊಟ್ಟ ಮೇಲೆ ಎಲ್ಲವೂ ಬದಲಾಯಿತು. 1977 ಮತ್ತು 1978ರ ಎರಡು ಹಾಸ್ಯ ಧ್ವನಿಮುದ್ರಿಕೆಗಳಿಗೆ ಗ್ರ್ಯಾಮಿ ಬಂದವು, ಈಜಿಪ್ಟಿನ ದೊರೆ ಟುಟಾಂಖಾಮನ್‌ನನ್ನು ಕುರಿತ ತಮಾಷೆಯ ಹಾಡು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು, ಸಭಾಂಗಣಗಳು ಸಾಲದೆ ಕ್ರೀಡಾಂಗಣಗಳಲ್ಲಿ ಪ್ರದರ್ಶನಗಳು ನಡೆದವು. ಅವರ ಹೆಸರಿನೊಂದಿಗೆ ಅಂಟಿಕೊಂಡಿರುವ ಬಿಳಿ ಸೂಟಿನ ಹಿಂದಿನ ಕಾರಣ ತೀರ ವ್ಯಾವಹಾರಿಕವಾದದ್ದು: ಅಷ್ಟು ದೊಡ್ಡ ಜಾಗದಲ್ಲಿ ಕೊನೆಯ ಸಾಲಿನವರಿಗೂ ಕಾಣಿಸಬೇಕಿತ್ತು. ಸಣ್ಣ ಕೋಣೆಯಲ್ಲಿ ಹುಬ್ಬಿನ ಒಂದು ಚಲನೆಯಿಂದ ನಗಿಸುತ್ತಿದ್ದವರು ಈಗ ಸಾವಿರಾರು ಜನರ ಮುಂದೆ ದೊಡ್ಡ ದೊಡ್ಡ ಸನ್ನೆಗಳನ್ನು ಮಾಡಬೇಕಾಯಿತು. ಜನ ಹೊಸದನ್ನು ಕೇಳಲು ಬರುತ್ತಿರಲಿಲ್ಲ, ಗೊತ್ತಿದ್ದ ಸಾಲುಗಳನ್ನು ತಾವೇ ಮುಂಚಿತವಾಗಿ ಕೂಗಲು ಬರುತ್ತಿದ್ದರು. ಪ್ರಯೋಗವಾಗಿದ್ದದ್ದು ಪಾರಾಯಣವಾಯಿತು.

ಹದಿನೆಂಟು ವರ್ಷಗಳ ಸ್ಟ್ಯಾಂಡ್‌ಅಪ್ ಬದುಕನ್ನು ಮಾರ್ಟಿನ್ ಆತ್ಮಕಥನದಲ್ಲಿ ಹತ್ತು ವರ್ಷ ಕಲಿಕೆ, ನಾಲ್ಕು ವರ್ಷ ತಿದ್ದುವಿಕೆ, ನಾಲ್ಕು ವರ್ಷ ಅಬ್ಬರದ ಯಶಸ್ಸು ಎಂದು ವಿಭಾಗಿಸುತ್ತಾರೆ. ಸಾಕ್ಷ್ಯಚಿತ್ರದ ಮೊದಲ ಭಾಗದ ನಡಿಗೆಯೂ ಹೆಚ್ಚುಕಡಿಮೆ ಇದೇ ಪ್ರಮಾಣದ್ದು, ಹಾಗಾಗಿ ಯಶಸ್ಸು ಬರುವ ಹೊತ್ತಿಗೆ ಚಿತ್ರ ಬಹುತೇಕ ಮುಗಿಯುತ್ತ ಬಂದಿರುತ್ತದೆ. ಹೋಟೆಲ್ ಕೋಣೆ, ವಿಮಾನ, ವೇದಿಕೆ, ಮತ್ತೆ ಹೋಟೆಲ್ ಕೋಣೆ. ಹೊರಗೆ ಕಾಲಿಟ್ಟರೆ ಜನ ಮುತ್ತುವ ಭಯ, ಒಳಗೆ ಇಪ್ಪತ್ತರ ಹರೆಯದಲ್ಲೇ ಶುರುವಾಗಿದ್ದ ಆತಂಕದ ಕಾಟ. ಅಷ್ಟು ಜನರನ್ನು ನಗಿಸಿ ಕೋಣೆಗೆ ಮರಳಿದವರ ಜೊತೆ ಒಂದು ಮಾತನಾಡಲು ಯಾರೂ ಇರುತ್ತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಅವರು ಸ್ಟ್ಯಾಂಡ್‌ಅಪ್ ಬಿಟ್ಟದ್ದು ಒಳ್ಳೆಯ ಸಮಯ ನೋಡಿ ನಿವೃತ್ತರಾಗುವ ಜಾಣತನದಿಂದಲ್ಲ, ಇನ್ನು ಸಾಧ್ಯವಿಲ್ಲ ಎಂಬ ಬಳಲಿಕೆಯಿಂದ ಎಂಬುದನ್ನು ಈ ಭಾಗ ಒಂದು ದೊಡ್ಡ ಮಾತೂ ಆಡದೆ ಮನಗಾಣಿಸುತ್ತದೆ. ಈ ಒಂದೂವರೆ ಗಂಟೆಯಷ್ಟರ ಮಟ್ಟಿಗೆ, ಹಾಸ್ಯದ ಕಸುಬನ್ನು ಕುರಿತು ಇದಕ್ಕಿಂತ ಒಳ್ಳೆಯ ಸಾಕ್ಷ್ಯಚಿತ್ರವನ್ನು ನಾನು ಕಂಡಿಲ್ಲ.

ತಂದೆಯ ವಿಷಯದಲ್ಲಿ ಮಾತ್ರ ಚಿತ್ರಕ್ಕಿಂತ ಪುಸ್ತಕ ಮೇಲು. ಗ್ಲೆನ್ ಮಾರ್ಟಿನ್ ನಟನಾಗಬೇಕೆಂದು ಹಂಬಲಿಸಿ, ಆಗದೆ, ರಿಯಲ್ ಎಸ್ಟೇಟ್ ವ್ಯವಹಾರಕ್ಕಿಳಿದವರು. ಮಗನ ಜೊತೆ ಮಾತು ಕಡಿಮೆ, ಸಿಟ್ಟು ಹೆಚ್ಚು. ಮಗ ‘ಸ್ಯಾಟರ್ಡೇ ನೈಟ್ ಲೈವ್’ನಲ್ಲಿ ಮೊದಲ ಸಲ ಕಾಣಿಸಿಕೊಂಡ ಮೇಲೆ, ತಮ್ಮ ರಿಯಲ್ ಎಸ್ಟೇಟ್ ಸಂಘದ ಪತ್ರಿಕೆಯಲ್ಲಿ ಆ ಕಾರ್ಯಕ್ರಮವನ್ನು ಹಳಿದು ತಂದೆಯೇ ಬರೆದರು. 1979ರಲ್ಲಿ ‘ದ ಜರ್ಕ್’ ಚಿತ್ರದ ಮೊದಲ ಪ್ರದರ್ಶನದ ನಂತರ ಊಟಕ್ಕೆ ಕೂತಾಗ, ಮಗನ ಬಗ್ಗೆ ಹೆಮ್ಮೆಯಾಗುತ್ತಿರಬೇಕಲ್ಲವೇ ಎಂದು ಗೆಳೆಯರೊಬ್ಬರು ಕೇಳಿದ್ದಕ್ಕೆ, ಇವನೇನು ಚಾಪ್ಲಿನ್ ಅಲ್ಲವಲ್ಲ ಎಂದರು. ಮರಣಶಯ್ಯೆಯಲ್ಲಿ ಮಾತ್ರ, ನಾನು ಮಾಡಬೇಕೆಂದುಕೊಂಡಿದ್ದನ್ನೆಲ್ಲ ನೀನು ಮಾಡಿದೆ ಎಂಬರ್ಥದ ಮಾತು ಅವರ ಬಾಯಿಂದ ಬಂತು. ನಿಮಗಾಗಿಯೇ ಮಾಡಿದೆ ಎಂದು ಮಗ ಹೇಳಿದರು. ಪುಸ್ತಕದ ಆ ಕೆಲವು ಪುಟಗಳಲ್ಲಿ ವಾಕ್ಯಗಳು ಚಿಕ್ಕವು, ಒಂದು ವಿಶೇಷಣವೂ ಹೆಚ್ಚಿಗೆ ಇಲ್ಲ. ಚಿತ್ರ ಅದೇ ವಿಷಯವನ್ನು ಮುಟ್ಟುವಾಗ ಹಿನ್ನೆಲೆ ಸಂಗೀತದ ನೆರವು ಬೇಡುತ್ತದೆ.

ಎರಡನೆಯ ಭಾಗಕ್ಕೆ ಬಂದರೆ ಬೇರೆಯೇ ಮನೆಯೊಳಗೆ ಕಾಲಿಟ್ಟಂತಾಗುತ್ತದೆ. ಇಲ್ಲಿ ಕ್ಯಾಮೆರಾ ಇಂದಿನ ಮಾರ್ಟಿನ್ ಅವರ ಜೊತೆಗೇ ಇರುತ್ತದೆ: ಮನೆ, ಪತ್ನಿ ಆ್ಯನ್ ಸ್ಟ್ರಿಂಗ್‌ಫೀಲ್ಡ್, ಗೋಡೆಯ ಮೇಲಿನ ಚಿತ್ರಗಳು, ಸೈಕಲ್ ಸವಾರಿ, ಗೆಳೆಯ, ಹಾಸ್ಯನಟ ಮಾರ್ಟಿನ್ ಶಾರ್ಟ್. ಜೆರ್ರಿ ಸೈನ್‌ಫೆಲ್ಡ್, ಟೀನಾ ಫೇ ಮೊದಲಾದ ಹಾಸ್ಯಗಾರರು ಬಂದು ಮಾತನಾಡುತ್ತಾರೆ. ಮಾತು ಚೆನ್ನಾಗಿಯೇ ಇದೆ, ಆದರೆ ಹೆಚ್ಚಿನದೆಲ್ಲ ಹಿರಿಯರೊಬ್ಬರಿಗೆ ಸಲ್ಲಿಸುವ ಮರ್ಯಾದೆ. ಮೊದಲ ಭಾಗ ಕಾಪಾಡಿಕೊಂಡು ಬಂದಿದ್ದ ಅಳುಕು ಇಲ್ಲಿ ಮೊದಲ ಹತ್ತು ನಿಮಿಷಗಳಲ್ಲೇ ಕರಗಿಹೋಗುತ್ತದೆ. ಎಲ್ಲವೂ ಒಳ್ಳೆಯದೇ ಆಯಿತು ಎಂಬುದು ಗೊತ್ತಾದ ಮೇಲೆ ಉಳಿಯುವುದು ಸೊಗಸಾದ ಕಾಲಕ್ಷೇಪ.

ನನ್ನ ದೊಡ್ಡ ಆಕ್ಷೇಪ ಇರುವುದು ಚಲನಚಿತ್ರಗಳನ್ನು ಇದು ನಡೆಸಿಕೊಂಡ ರೀತಿಗೆ. ಮಾರ್ಟಿನ್ ನಟರಾಗಿ ಏನು ಮಾಡಿದರು ಎಂಬುದು ಒಂದು ಪೂರ್ತಿ ಭಾಗಕ್ಕೆ ಸಾಕಾಗುವ ವಿಷಯ. ಕಾರ್ಲ್ ರೈನರ್ ನಿರ್ದೇಶನದಲ್ಲಿ ಅವರು ನಾಲ್ಕು ಚಿತ್ರಗಳನ್ನು ಮಾಡಿದರು, ಕೊನೆಯದು 1984ರ ‘ಆಲ್ ಆಫ್ ಮಿ’. ಅದರಲ್ಲಿ ವಕೀಲನೊಬ್ಬನ ದೇಹದ ಅರ್ಧಭಾಗವನ್ನು ಸತ್ತ ಹೆಣ್ಣೊಬ್ಬಳ ಆತ್ಮ ಹಿಡಿದುಕೊಳ್ಳುತ್ತದೆ. ಬೀದಿಯಲ್ಲಿ ಒಂದು ಕಾಲು ಗಂಡಸಿನಂತೆ ದಾಪುಗಾಲು ಹಾಕಿದರೆ ಇನ್ನೊಂದು ಕಾಲು ಹೆಂಗಸಿನ ಬಳುಕಿನಲ್ಲಿ ಎಳೆಯುವ ದೃಶ್ಯವಿದೆ. ಒಂದು ಕೈ ಒಂದು ಕಡೆ, ಸೊಂಟ ಇನ್ನೊಂದು ಕಡೆ, ಮುಖದಲ್ಲಿ ಇಬ್ಬರ ಜಗಳ. ಕ್ಯಾಮೆರಾ ಚಮತ್ಕಾರವಿಲ್ಲ, ಇರುವುದು ಮೈಯೊಂದೇ. ಸ್ಟ್ಯಾಂಡ್‌ಅಪ್ ದಿನಗಳಲ್ಲಿ ತನ್ನ ಮಾತು ಕೇಳದ ಕಾಲುಗಳಿಂದ ಕುಣಿದದ್ದು ಇಲ್ಲಿ ಪಾತ್ರವಾಗಿ ಬೆಳೆದಿದೆ. ಒಬ್ಬನೇ ಆಡುವ ಹಾಸ್ಯಗಾರ ತನ್ನೊಳಗೇ ಎರಡನೆಯವಳೊಬ್ಬಳಿಗೆ ಜಾಗ ಮಾಡಿಕೊಟ್ಟಂತಿರುವ ಆ ಅಭಿನಯಕ್ಕೆ ನ್ಯೂಯಾರ್ಕಿನ ಚಿತ್ರವಿಮರ್ಶಕರ ವಲಯದ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಆಸ್ಕರ್‌ಗೆ ನಾಮನಿರ್ದೇಶನ ಕೂಡ ಬರಲಿಲ್ಲ. ಆಗಲೂ ಇಲ್ಲ, ಆ ಮೇಲೂ ಇಲ್ಲ. 2013ರಲ್ಲಿ ಗೌರವ ಆಸ್ಕರ್ ಕೊಟ್ಟು ಆ ಸಂಸ್ಥೆ ಕೈತೊಳೆದುಕೊಂಡಿತು. ಇಂಥ ಅಭಿನಯವನ್ನು ಕುರಿತು ಒಂದು ಗಟ್ಟಿ ಚರ್ಚೆ ಎರಡನೆಯ ಭಾಗದಲ್ಲಿ ಇರಲೇಬೇಕಿತ್ತು.

1981ರ ‘ಪೆನ್ನೀಸ್ ಫ್ರಂ ಹೆವನ್’ನ ಸೋಲನ್ನೂ ಇನ್ನಷ್ಟು ಕೆದಕಬಹುದಿತ್ತು. ಮೊದಲ ದೊಡ್ಡ ಚಿತ್ರ ‘ದ ಜರ್ಕ್’ ಹಣದ ಹೊಳೆ ಹರಿಸಿದ ಬೆನ್ನಲ್ಲೇ ಅಂಥದ್ದೇ ಇನ್ನೊಂದನ್ನು ಮಾಡದೆ, ಆರ್ಥಿಕ ಕುಸಿತದ ಕಾಲದ ಕತ್ತಲೆಯ ಕಥೆಯೊಂದಕ್ಕಾಗಿ ತಿಂಗಳುಗಟ್ಟಲೆ ಟ್ಯಾಪ್ ನೃತ್ಯ ಕಲಿತು ಸೋತ ನಟನ ಹಟ ಸಾಮಾನ್ಯವಾದುದಲ್ಲ. 1987ರ ‘ರಾಕ್ಸಾನ್’ನಲ್ಲಿ ಉದ್ದ ಮೂಗಿನ ನಾಯಕ, ತನ್ನ ಮೂಗನ್ನು ಅಣಕಿಸಿದವನಿಗೆ, ಅಣಕಿಸುವುದಾದರೆ ಹೀಗೆ ಎಂದು ತಾನೇ ಒಂದರ ಮೇಲೊಂದು ಅಣಕ ಹೇಳಿಕೊಡುವ ದೃಶ್ಯ ಬರವಣಿಗೆಯಾಗಿಯೂ ಅಭಿನಯವಾಗಿಯೂ ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು, ಫ್ರೆಂಚ್ ನಾಟಕಕಾರ ಎಡ್ಮಂಡ್ ರೋಸ್ಟಾಂಡ್‌ನ ನಾಟಕವನ್ನು ಅಮೆರಿಕದ ಸಣ್ಣ ಊರಿಗೆ ಒಗ್ಗಿಸಿದ ಆ ಚಿತ್ರಕಥೆಗೆ ಬರಹಗಾರರ ಸಂಘದ ಪ್ರಶಸ್ತಿಯೂ ಬಂತು. 2000ದ ನಂತರ ಮಾಡಿದ ಕುಟುಂಬ ಹಾಸ್ಯಚಿತ್ರಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅವು ದುಡ್ಡು ಮಾಡಿದವು.

ಆದರೂ ಚಿತ್ರಗಳಿಗೆ ಸಂಬಂಧಿಸಿದ ಒಂದು ಗಳಿಗೆ ಮಾತ್ರ ಇಡೀ ಎರಡನೆಯ ಭಾಗವನ್ನು ಎತ್ತಿಹಿಡಿಯುತ್ತದೆ. ‘ಪ್ಲೇನ್ಸ್, ಟ್ರೇನ್ಸ್ ಅಂಡ್ ಆಟೊಮೊಬೈಲ್ಸ್’ ಚಿತ್ರದ ಸಹನಟ ಜಾನ್ ಕ್ಯಾಂಡಿ 1994ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡವರು. ಆ ಚಿತ್ರದಲ್ಲಿ ಕ್ಯಾಂಡಿ ಆಡಿದ, ಒಂಟಿತನವನ್ನು ಕುರಿತ ಮಾತುಗಳ ಹಳೆಯ ಚಿತ್ರಕಥೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಮಾರ್ಟಿನ್ ಓದಲು ಹೊರಡುತ್ತಾರೆ. ಓದುತ್ತ ಓದುತ್ತ ಗಂಟಲು ಕಟ್ಟುತ್ತದೆ. ಐದು ದಶಕಗಳಿಂದ ಭಾವನೆಯನ್ನು ಕೈಯಳತೆಯ ದೂರದಲ್ಲಿಟ್ಟು ನಗಿಸಿದ ಮನುಷ್ಯ ತನ್ನ ಸಾಲಿಗಲ್ಲ, ಜೊತೆಗಾರನ ಸಾಲಿಗೆ ಕಣ್ಣೀರಾಗುತ್ತಾರೆ. ನೆವಿಲ್ ಇಲ್ಲಿ ಸುಮ್ಮನಿದ್ದು ಕ್ಯಾಮೆರಾವನ್ನು ಕದಲಿಸದಿರುವುದು ಅವರ ಹಿರಿಮೆ.

ಬರವಣಿಗೆಯ ಬದುಕಿಗೆ ಸಿಕ್ಕಿರುವ ಜಾಗ ತೀರ ಕಡಿಮೆ. 1993ರಲ್ಲಿ ಷಿಕಾಗೋದ ಸ್ಟೆಪನ್‌ವುಲ್ಫ್ ರಂಗತಂಡ ಪ್ರದರ್ಶಿಸಿದ ಅವರ ನಾಟಕದಲ್ಲಿ ಯುವಕ ಪಿಕಾಸೊ ಮತ್ತು ಯುವಕ ಐನ್‌ಸ್ಟೈನ್ ಪ್ಯಾರಿಸಿನ ಪಾನಗೃಹವೊಂದರಲ್ಲಿ ಎದುರಾಗುತ್ತಾರೆ; 2010ರ ಕಾದಂಬರಿ ನ್ಯೂಯಾರ್ಕಿನ ಚಿತ್ರಕಲಾ ಮಾರುಕಟ್ಟೆಯ ಒಳಗುಟ್ಟುಗಳನ್ನು ಬಲ್ಲವರ ಬರಹ. ಬಲ್ಲವರೂ ಮೋಸ ಹೋಗುತ್ತಾರೆ ಎಂಬುದಕ್ಕೂ ಅವರೇ ನಿದರ್ಶನ: 2004ರಲ್ಲಿ ಹೈನ್ರಿಷ್ ಕಾಂಪೆನ್‌ಡೊಂಕ್ ಎಂಬ ಜರ್ಮನ್ ಕಲಾವಿದನದೆಂದು ಸುಮಾರು 7 ಲಕ್ಷ ಯೂರೋ ಕೊಟ್ಟು ಕೊಂಡ ಚಿತ್ರ, ವುಲ್ಫ್‌ಗ್ಯಾಂಗ್ ಬೆಲ್‌ಟ್ರಾಕಿ ಎಂಬ ನಕಲುಗಾರನ ಕೈಚಳಕ ಎಂದು ಮುಂದೆ ಬಯಲಾಯಿತು.

ಬ್ಯಾಂಜೋದ ಕಥೆ ಇದಕ್ಕಿಂತ ಹೆಚ್ಚು ಮಹತ್ವದ್ದು. ಹದಿಹರೆಯದಲ್ಲಿ ಅವರು ಅದನ್ನು ಕಲಿತದ್ದು ಹೆಚ್ಚಾಗಿ ಗ್ರಾಮಫೋನ್ ತಟ್ಟೆಗಳಿಂದ: ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ತಟ್ಟೆಯನ್ನು 16ಕ್ಕೆ ಇಳಿಸಿ, ವಾದ್ಯದ ಶ್ರುತಿಯನ್ನೂ ಅದಕ್ಕೆ ತಕ್ಕಂತೆ ತಗ್ಗಿಸಿ, ಮಿಂಚಿನ ವೇಗದ ಬೆರಳುಗಾರಿಕೆಯನ್ನು ಒಂದೊಂದೇ ಸ್ವರವಾಗಿ ಬಿಡಿಸಿಕೊಂಡದ್ದು. ಸ್ಟ್ಯಾಂಡ್‌ಅಪ್‌ನಲ್ಲಿ ಆ ವಾದ್ಯ ಅರ್ಧಕ್ಕೆ ನಿಲ್ಲಿಸುವ ತಮಾಷೆಯ ಸಾಮಾನಾಗಿತ್ತು. ಅರವತ್ತು ದಾಟಿದ ಮೇಲೆ ಅದನ್ನು ಪೂರ್ತಿಯಾಗಿ, ಇತರ ವಾದಕರ ನಡುವೆ ಕುಳಿತು ನುಡಿಸಲು ಶುರುಮಾಡಿದರು. 2009ರ ‘ದ ಕ್ರೋ’ಗೆ ಶ್ರೇಷ್ಠ ಬ್ಲೂಗ್ರಾಸ್ (ತಂತಿವಾದ್ಯಗಳ ಅಮೆರಿಕನ್ ಜನಪದ ಶೈಲಿಯ ಸಂಗೀತ) ಆಲ್ಬಂ ಎಂದು ಗ್ರ್ಯಾಮಿ ಬಂತು, 2010ರಲ್ಲಿ ತಮ್ಮದೇ ಹಣದಿಂದ ಬ್ಯಾಂಜೋ ವಾದಕರಿಗೆ 50,000 ಡಾಲರ್‌ಗಳ ಪ್ರಶಸ್ತಿಯನ್ನು ಆರಂಭಿಸಿದರು, ಗಾಯಕಿ ಈಡಿ ಬ್ರಿಕೆಲ್ ಅವರೊಂದಿಗೆ ಕಟ್ಟಿದ ಸಂಗೀತನಾಟಕ 2016ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿ ಏರಿತು. ಬ್ಲೂಗ್ರಾಸ್‌ನಲ್ಲಿ ಒಬ್ಬೊಬ್ಬ ವಾದಕನೂ ತನ್ನ ಸರದಿ ಬಂದಾಗ ಮುಂದೆ ಬಂದು ನುಡಿಸಿ, ಮುಗಿದೊಡನೆ ಹಿಂದೆ ಸರಿದು ಇನ್ನೊಬ್ಬನಿಗೆ ತಾಳ ಹಿಡಿಯಬೇಕು. ಹದಿನೆಂಟು ವರ್ಷ ಇಡೀ ವೇದಿಕೆಯನ್ನು ಒಬ್ಬರೇ ಹೊತ್ತವರಿಗೆ ಆ ಹಿಂದೆ ಸರಿಯುವ ಸುಖ ಎಂಥದ್ದಿರಬೇಕು! ಚಿತ್ರ ಈ ಪ್ರಶ್ನೆಯನ್ನು ಕೇಳಿಯೇ ಇಲ್ಲ.

ಕೇಳದಿದ್ದರೂ ಉತ್ತರ ಮಾರ್ಟಿನ್ ಶಾರ್ಟ್ ರೂಪದಲ್ಲಿ ತೆರೆಯ ಮೇಲೆ ಓಡಾಡುತ್ತಿದೆ. 1986ರ ‘ತ್ರೀ ಅಮೀಗೋಸ್’ ಚಿತ್ರದ ವೇಳೆ ಇಬ್ಬರ ಪರಿಚಯವಾಯಿತು. ಚಿತ್ರಕಥೆ ತರಲು ಮೊದಲ ಸಲ ಮಾರ್ಟಿನ್ ಮನೆಗೆ ಹೋದ ಶಾರ್ಟ್, ಗೋಡೆಯ ಮೇಲಿನ ಬೆಲೆಬಾಳುವ ಚಿತ್ರಗಳನ್ನು ನೋಡಿ, ನೀವು ಇಷ್ಟು ಶ್ರೀಮಂತರಾದದ್ದು ಹೇಗೆ, ನಿಮ್ಮ ಕೆಲಸ ನಾನು ನೋಡಿದ್ದೇನಲ್ಲ ಎಂದರಂತೆ. ಅಂದಿನಿಂದ ಇಂದಿನವರೆಗೆ ಇಬ್ಬರ ಸ್ನೇಹ ನಡೆದಿರುವುದು ಈ ಧಾಟಿಯಲ್ಲೇ. ಈಗ ಇಬ್ಬರೂ ಸೇರಿ ಊರೂರಿಗೆ ಹೋಗಿ ಪ್ರದರ್ಶನ ಕೊಡುತ್ತಾರೆ. ಎರಡನೆಯ ಭಾಗದಲ್ಲಿ ಅವರು ಮೇಜಿನ ಮುಂದೆ ಕೂತು ಮುಂದಿನ ಪ್ರದರ್ಶನದ ಜೋಕುಗಳನ್ನು ಒಂದೊಂದಾಗಿ ತೂಗಿ ನೋಡುವ ದೃಶ್ಯವನ್ನು ಹಾಸ್ಯ ಬರೆಯುವ ಪ್ರತಿಯೊಬ್ಬರೂ ನೋಡಬೇಕು. ಒಬ್ಬರು ಸಾಲು ಓದುತ್ತಾರೆ, ಇನ್ನೊಬ್ಬರು ನಗದೆ ತಲೆಯಾಡಿಸುತ್ತಾರೆ, ಒಂದು ಪದ ಆಚೆಗೆ, ಒಂದು ಪದ ಈಚೆಗೆ, ಬೈಗುಳ ಇನ್ನೂ ಚುರುಕಾಗಬೇಕೆಂದು ಬೈಸಿಕೊಳ್ಳುವವರೇ ತಿದ್ದುತ್ತಾರೆ. ಹಿಂದೆ ಹೋಟೆಲ್ ಕೋಣೆಯಲ್ಲಿ ಒಬ್ಬರೇ ಮಾಡುತ್ತಿದ್ದ ಕೆಲಸವೇ ಇದು, ಕುರ್ಚಿ ಮಾತ್ರ ಎರಡಾಗಿವೆ. ಹಿಂದೆ ತನ್ನನ್ನು ತಾನೇ ಮಹಾನ್ ಎಂದು ಹೊಗಳಿಕೊಳ್ಳುವ ಮೂರ್ಖನ ಪಾತ್ರ ಮಾಡುತ್ತಿದ್ದವರ ಜಂಬವನ್ನು ಇಳಿಸಲು ಈಗ ಪಕ್ಕದಲ್ಲೇ ಒಬ್ಬರು ಸಿದ್ಧರಾಗಿರುತ್ತಾರೆ. ಅದರಿಂದ ಆಟ ಹಗುರಾಗಿದೆ, ನಿಜ ಹೇಳಬೇಕೆಂದರೆ ಸ್ವಲ್ಪ ಸುಲಭವೂ ಆಗಿದೆ. 1970ರ ದಶಕದ ಆ ಅಪಾಯ ಇಲ್ಲಿಲ್ಲ. ಇಬ್ಬರು ಹಿರಿಯರ ಬೈದಾಟ ಎಷ್ಟೇ ರುಚಿಕಟ್ಟಾಗಿದ್ದರೂ, ಖಾಲಿ ಈಜುಕೊಳಕ್ಕೆ ಜನರನ್ನು ಇಳಿಸುವ ಹುಚ್ಚು ಅದರಲ್ಲಿ ಹುಟ್ಟಲಾರದು.

ಮಗಳ ವಿಷಯದಲ್ಲಿ ಚಿತ್ರ ತೋರುವ ಸಂಯಮವನ್ನು ಮೆಚ್ಚಬೇಕು. ಅರವತ್ತೇಳರ ವಯಸ್ಸಿನಲ್ಲಿ ಹುಟ್ಟಿದ ಆ ಮಗುವಿನ ಮುಖ ಎಲ್ಲಿಯೂ ಕಾಣದು. ಮಕ್ಕಳು ಬರೆಯುವಂಥ ಕಡ್ಡಿಗೊಂಬೆಯ ಚಿತ್ರವೊಂದು ಅವಳ ಬದಲಿಗೆ ತೆರೆಯ ಮೇಲೆ ಓಡಾಡುತ್ತದೆ. ಖ್ಯಾತಿಯ ಬಿಸಿ ತಾಗಿದವರು ಮಗುವನ್ನು ಅದರಿಂದ ದೂರವಿಡುವುದು ಸಹಜ, ಅದನ್ನು ಬೋಧನೆಯಾಗಿಸದೆ ತಮಾಷೆಯಾಗಿಸಿರುವುದು ಸೊಗಸು.

ಪ್ರಾಯೋಗಿಕವಾದ ಒಂದೆರಡು ಮಾತು. ಸಬ್‌ಟೈಟಲ್ ಹಾಕಿಕೊಂಡೇ ನೋಡುವುದು ಮೇಲು, ಏಕೆಂದರೆ ಹಳೆಯ ಧ್ವನಿಮುದ್ರಣಗಳಲ್ಲಿ ಜನರ ಗದ್ದಲಕ್ಕೆ ಅರ್ಧ ಮಾತು ಮುಳುಗುತ್ತದೆ. 1970ರ ದಶಕದ ಅಮೆರಿಕನ್ ಟಿವಿಯ ಹೆಸರುಗಳು ನಮಗೆ ಅಪರಿಚಿತವಾದರೂ ತೊಂದರೆಯಿಲ್ಲ, ಮಾರ್ಟಿನ್ ಹಾಸ್ಯದಲ್ಲಿ ಆ ಕಾಲದ ಸುದ್ದಿಯ ಉಲ್ಲೇಖಗಳು ಕಡಿಮೆ. ಎರಡೂ ಭಾಗಗಳನ್ನು ಒಂದೇ ಬೈಠಕ್ಕಿನಲ್ಲಿ ನೋಡಲು ಹೋಗಬಾರದು. ಮೂರು ಗಂಟೆಗೂ ಮೀರುವ ಅವಧಿಯಲ್ಲಿ ಎರಡನೆಯದರ ಸಡಿಲತನ ಇನ್ನಷ್ಟು ಎದ್ದು ಕಾಣುತ್ತದೆ. ನನ್ನನ್ನು ಕೇಳಿದರೆ, ಮೊದಲ ಭಾಗವನ್ನು ಒಂದು ಸಂಜೆ ಪೂರ್ತಿಯಾಗಿ ನೋಡಿ, ಆ ಮೇಲೆ ಆತ್ಮಕಥನ ಓದಿ, ‘ಆಲ್ ಆಫ್ ಮಿ’ ಮತ್ತು ‘ರಾಕ್ಸಾನ್’ ಚಿತ್ರಗಳನ್ನು ಹುಡುಕಿ ನೋಡಿದ ನಂತರವೇ ಎರಡನೆಯ ಭಾಗಕ್ಕೆ ಕೂರಬೇಕು. ನಿರ್ದೇಶಕರು ಬಿಟ್ಟುಹೋದ ನಡುವಿನ ವರ್ಷಗಳು ಆಗ ತಲೆಯಲ್ಲಿ ಇರುತ್ತವೆ, ಮೇಜಿನ ಮುಂದಿನ ಆ ಬೈದಾಟಕ್ಕೂ ಕ್ಯಾಂಡಿಯ ಹಾಳೆಗೂ ಬೇಕಾದ ತೂಕ ಸಿಗುತ್ತದೆ. ಅಷ್ಟು ಬಿಡುವಿಲ್ಲದವರು ಮೊದಲ ಭಾಗಕ್ಕೇ ನಿಲ್ಲಿಸಬಹುದು.